ಧಾನ್ಯವಿಲ್ಲದ ಪಿಜ್ಜಾ ಬೇಸ್ ಮನೆಯಲ್ಲೇ: ಕಲಬುರಗಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದವರು, ಫೋನ್ ಮಾಡಿದವರು, ಪತ್ರ ಬರೆದವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೆಲವರ ಮನೆಯಲ್ಲಿ ಗೋಧಿ ಆಗದ ಮಗುವಿದೆ. ಕೆಲವರಿಗೆ ಸಕ್ಕರೆ ಕಾಯಿಲೆ. ಇನ್ನು ಕೆಲವರಿಗೆ ಮೈದಾ ತಿಂದರೆ ಹೊಟ್ಟೆ ಭಾರ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭವಾದವು ಮೊದಲು, ಸ್ವಲ್ಪ ಕೈಪಳಗಬೇಕಾದವು ಆಮೇಲೆ.

## ಶುರುಮಾಡುವವರಿಗೆ

ಗೋಧಿ, ಮೈದಾ ಬಿಟ್ರ ಸಾಕಲ್ರಿ? ಮತ್ತೇನು ಬಿಡಬೇಕು?

ಸಾಕಾಗುವುದಿಲ್ಲ. ಗೋಧಿ, ಅಕ್ಕಿ, ಜೋಳ, ಸಜ್ಜೆ, ರಾಗಿ, ನವಣೆ, ಮೆಕ್ಕೆಜೋಳ, ಬಾರ್ಲಿ, ಓಟ್ಸ್ ಎಲ್ಲವೂ ಹುಲ್ಲಿನ ಜಾತಿಯ ಗಿಡದಲ್ಲಿ ಬರುವ ಕಾಳುಗಳು. ಧಾನ್ಯವಿಲ್ಲದ ಅಡುಗೆಯಲ್ಲಿ ಇವು ಯಾವುವೂ ಇರುವುದಿಲ್ಲ. ರವೆ, ಶ್ಯಾವಿಗೆ, ಕಾರ್ನ್‌ಫ್ಲೋರ್ ಕೂಡ ಇದೇ ಸಾಲಿಗೆ ಸೇರುತ್ತವೆ.

ಹಾಗಂತ ಕೈ ಖಾಲಿಯಾಗುವುದಿಲ್ಲ. ಕಡಲೆ, ತೊಗರಿ, ಹೆಸರು, ಶೇಂಗಾ, ಎಳ್ಳು, ಅಗಸಿ, ಬಾದಾಮಿ, ಕೊಬ್ಬರಿ, ಬಟಾಟೆ, ಗೆಣಸು, ಹೂಕೋಸು, ಪನೀರ್, ತತ್ತಿ ಎಲ್ಲ ಉಳಿಯುತ್ತವೆ. ನಮ್ಮ ಕಡೆಯ ಅಡುಗೆಮನೆಯಲ್ಲಿ ಇದರಲ್ಲಿ ಅರ್ಧ ಸಾಮಾನು ಯಾವಾಗಲೂ ಇರುತ್ತದೆ ಅಲ್ವಾ?

ಜೋಳದ ಹಿಟ್ಟಿನಾಗ ಮಾಡಿದ್ರ ನಡಿತದೇನ್ರಿ? ನಮ್ಮ ಮನ್ಯಾಗ ಅದೇ ಜಾಸ್ತಿ ಇರ್ತದ.

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಗೋಧಿ, ಬಾರ್ಲಿಯಲ್ಲಿರುವ ಅಂಟಿನಂಥ ಪ್ರೋಟೀನ್ ಗ್ಲುಟೆನ್ ಜೋಳದಲ್ಲಿ ಇಲ್ಲ, ನಿಜ. ಆದರೆ ಜೋಳ ಧಾನ್ಯವೇ. ನಿಮಗೆ ಬೇಡವಾದದ್ದು ಗ್ಲುಟೆನ್ ಮಾತ್ರ ಆಗಿದ್ದರೆ ಜೋಳ ಧಾರಾಳವಾಗಿ ನಡೆಯುತ್ತದೆ. ಸ್ವಲ್ಪ ದಪ್ಪ ರೊಟ್ಟಿ ತಟ್ಟಿ, ಎರಡೂ ಕಡೆ ಬೇಯಿಸಿ, ಮೇಲೆ ಸಾಸ್ ಮತ್ತು ಚೀಸ್ ಹಾಕಿ ಮುಚ್ಚಿಡಿ. ಅಷ್ಟೇ ಸಾಕು, ಈ ಪುಟದ ಉಳಿದ ಕಷ್ಟ ನಿಮಗೆ ಬೇಕಿಲ್ಲ. ಪೂರ್ತಿ ಧಾನ್ಯವೇ ಬೇಡ ಅನ್ನುವವರು ಮಾತ್ರ ಮುಂದೆ ಓದಿ.

ಎಲ್ಲಾಕ್ಕಿಂತ ಸುಲಭದ್ದು ಒಂದು ಹೇಳ್ರಿ. ಓವನ್ ಇಲ್ಲ, ತವಾ ಅದ.

ಹಾಗಾದರೆ ಕಡಲೆ ಹಿಟ್ಟಿನ ಬೇಸ್. 9 ಇಂಚಿನ ಒಂದು ಬೇಸ್‌ಗೆ ಒಂದು ಕಪ್ ಕಡಲೆ ಹಿಟ್ಟು, ಅಂದರೆ ಸುಮಾರು 100 ಗ್ರಾಂ. ಅದಕ್ಕೆ ಅರ್ಧ ಚಮಚ ಉಪ್ಪು, ಕಾಲು ಚಮಚ ಅಜವಾನ, ಒಂದು ಚಮಚ ಅಗಸಿ ಪುಡಿ, ಎರಡು ಚಮಚ ಎಣ್ಣೆ. ಇಲ್ಲಿ ಚಮಚ ಅಂದರೆ ಟೀ ಚಮಚ. ನೀರನ್ನು ಅರ್ಧ ಕಪ್ಪಿನಿಂದ ಶುರುಮಾಡಿ ಮುಕ್ಕಾಲು ಕಪ್ಪಿನವರೆಗೆ ನೋಡಿಕೊಂಡು ಹಾಕಿ. ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಇರಬೇಕು. ಸೌಟಿನಿಂದ ಸುರಿದರೆ ನಿಧಾನ ಹರಡಬೇಕು, ಓಡಬಾರದು.

ನೀರನ್ನು ಒಂದೇ ಸಲ ಸುರಿದರೆ ಗಂಟಾಗುತ್ತದೆ. ಮೊದಲು ಸ್ವಲ್ಪ ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಗಂಟು ಒಡೆದು, ಆಮೇಲೆ ತೆಳುಮಾಡಿ. ಅರ್ಧ ಗಂಟೆ ಮುಚ್ಚಿಡಿ.

ತವಾಕ್ಕೆ ಎಣ್ಣೆ ಸವರಿ, ಕಾದ ಮೇಲೆ ಉರಿ ಸಣ್ಣ ಮಾಡಿ ಹಿಟ್ಟು ಹಾಕಿ. ಅರ್ಧ ಸೆಂಟಿಮೀಟರ್‌ಗಿಂತ ತುಸು ದಪ್ಪ ಇರಲಿ. ಮುಚ್ಚಳ ಹಾಕಿ ಆರೇಳು ನಿಮಿಷ ಬಿಡಿ. ಮೇಲ್ಭಾಗ ಒಣಗಿ, ಅಂಚು ತಾನೇ ಏಳುತ್ತದೆ. ಆಗ ತಿರುವಿ. ಮುಚ್ಚದೆ ಮೂರು ನಿಮಿಷ. ಈಗ ಮೇಲೆ ಬಂದಿರುವ ಕೆಂಪಾದ ಕಡೆಗೆ ಸಾಸ್, ತರಕಾರಿ, ಚೀಸ್ ಹಾಕಿ. ಮತ್ತೆ ಮುಚ್ಚಿ, ತೀರ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಇಡಿ. ಚೀಸ್ ಕರಗುವಷ್ಟರಲ್ಲಿ ಕೆಳಗಿನ ಕಡೆಯೂ ಗರಿಯಾಗಿರುತ್ತದೆ.

ಇದರಲ್ಲಿ ಒಂದು ಮಾತು ಮಾತ್ರ ಬಿಡಬೇಡಿ: ಬೇಸ್ ಎರಡೂ ಕಡೆ ಬೆಂದ ಮೇಲೆಯೇ ಸಾಸ್. ಹಸಿ ಹಿಟ್ಟಿನ ಮೇಲೆ ಟೊಮೆಟೊ ಬಿದ್ದರೆ ನಡುಭಾಗ ಎಷ್ಟು ಹೊತ್ತು ಬೇಯಿಸಿದರೂ ಹಸಿಯೇ.

ಇದು ಬಜಾರದ ಪಿಜ್ಜಾದ ಹಾಂಗೇ ಆಗ್ತದಾ?

ಆಗುವುದಿಲ್ಲ. ಮೈದಾದಲ್ಲಿ ಗ್ಲುಟೆನ್ ಇರುತ್ತದೆ. ನೀರು ಹಾಕಿ ನಾದಿದಾಗ ಅದು ಬಲೆಯಂತೆ ಹೆಣೆದುಕೊಳ್ಳುತ್ತದೆ, ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುತ್ತದೆ. ಅದರಿಂದಲೇ ಆ ಉಬ್ಬು, ಆ ಎಳೆತ. ಕಡಲೆಯಲ್ಲಿ ಆ ಬಲೆ ಇಲ್ಲ. ಅದನ್ನು ನಾದಿ ಎಳೆಯಲು ಬರುವುದಿಲ್ಲ, ಸುರಿಯಬೇಕು ಅಥವಾ ತಟ್ಟಬೇಕು.

ಬದಲಿಗೆ ಸಿಗುವುದು ಅಂಚಿನಲ್ಲಿ ಗರಿ, ಒಳಗೆ ಮೆತ್ತಗೆ, ಜೊತೆಗೆ ಕಡಲೆಯದೇ ಹುರಿದ ಘಮ. ಇದನ್ನು ಬಡವರ ಪಿಜ್ಜಾ ಅಂತಲೋ ಪಥ್ಯದ ಪಿಜ್ಜಾ ಅಂತಲೋ ನೋಡುವುದು ನನಗೆ ಒಪ್ಪಿಗೆಯಿಲ್ಲ. ಪಿಜ್ಜಾ ಹುಟ್ಟಿದ ಇಟಲಿಯಲ್ಲೇ, ಜೆನೊವಾ ಕಡೆ, ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ಅಗಲವಾದ ತಾಮ್ರದ ತಟ್ಟೆಯಲ್ಲಿ ಸುಡುವ ಫರಿನಾಟಾ ಇದೆ. ಫ್ರಾನ್ಸಿನ ನೀಸ್ ಊರಿನಲ್ಲಿ ಇದನ್ನೇ ಹೋಲುವ ಸೊಕ್ಕಾ ಇದೆ. ಜನ ಅದನ್ನು ಬಿಸಿಬಿಸಿ ಕೊಂಡು ತಿನ್ನುತ್ತಾರೆ. ಝುಣಕ ಉಂಡು ಬೆಳೆದ ನಮಗೆ ಕಡಲೆ ಹಿಟ್ಟಿನ ರುಚಿಯನ್ನು ಯಾರೂ ಹೇಳಿಕೊಡಬೇಕಿಲ್ಲ.

## ಹಿಟ್ಟು, ಬೇಳೆ, ಹದ

ಅಂಗಡಿ ಬೇಸನ್ ಹಾಕೋದಾ, ಗಿರಣಿಗೆ ಹಾಕಿಸೋದಾ?

ಮನೆಯಲ್ಲಿ ಯಾರಿಗೂ ತೊಂದರೆ ಇಲ್ಲದಿದ್ದರೆ ಯಾವುದಾದರೂ ಸರಿ. ಗೋಧಿ ಮುಟ್ಟಲೇಬಾರದು ಅನ್ನುವವರಿದ್ದರೆ ಗಿರಣಿ ಬೇಡ. ಅದೇ ಕಲ್ಲಿನಲ್ಲಿ ಮೊದಲು ಯಾರದೋ ಗೋಧಿ ಬಿದ್ದಿರುತ್ತದೆ, ಆ ಹಿಟ್ಟು ನಿಮ್ಮ ಕಡಲೆಯಲ್ಲಿ ಕೂಡುತ್ತದೆ. ಬಿಡಿಯಾಗಿ ತೂಗಿ ಕೊಡುವ ಬೇಸನ್‌ನಲ್ಲೂ ಬೇರೆ ಹಿಟ್ಟು ಬೆರೆತಿರಬಹುದು.

ಕಡಲೆ ಬೇಳೆಯನ್ನು ಆರಿಸಿ, ಬಟ್ಟೆಯಲ್ಲಿ ಒರೆಸಿ, ಮನೆಯ ಮಿಕ್ಸರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಬೀಸಿ, ಸಣ್ಣ ಜರಡಿ ಹಿಡಿಯಿರಿ. ಒಮ್ಮೆಗೇ ಜಾಸ್ತಿ ಹಾಕಿದರೆ ಮಿಕ್ಸರ್ ಬಿಸಿಯಾಗುತ್ತದೆ, ಹಿಟ್ಟೂ ದೊರಗು ಉಳಿಯುತ್ತದೆ.

ತೊಗರಿ ಬ್ಯಾಳಿಲೆ ಮಾಡಬಹುದಾ? ಹೊಲದ್ದೇ ಅದ, ಚೀಲ ತುಂಬ.

ಮಾಡಬಹುದು, ಮಾಡಲೇಬೇಕು ಅಂತ ನಾನು ಹೇಳುತ್ತೇನೆ. ತೊಗರಿ ಕಣಜ ಅಂತ ಹೆಸರಾದ ಜಿಲ್ಲೆ ನಮ್ಮದು. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆಯಾ ಊರಿನ ವಿಶೇಷ ಸರಕಿಗೆ ಕೊಡುವ ಸರ್ಕಾರಿ ಗುರುತು ಕೂಡ ಸಿಕ್ಕಿದೆ. ಅಷ್ಟಿದ್ದೂ ತೊಗರಿ ಅಂದರೆ ಬರೀ ಸಾರು, ಹೋಳಿಗೆ ಅಂತ ನಿಲ್ಲಿಸುವುದೇಕೆ?

ಒಂದು ಕಪ್ ಬೇಳೆಯನ್ನು ತೊಳೆದು ಐದಾರು ಗಂಟೆ ನೆನೆಹಾಕಿ. ನೆನೆದ ನೀರು ಚೆಲ್ಲಿ, ಪೂರ್ತಿ ಬಸಿಯಿರಿ. ಹಸಿಶುಂಠಿ, ಜೀರಿಗೆ, ಉಪ್ಪು ಹಾಕಿ ರುಬ್ಬಿ. ನೀರು ಎರಡು ಮೂರು ದೊಡ್ಡ ಚಮಚ ಮಾತ್ರ, ಮಿಕ್ಸರ್ ತಿರುಗಲು ಬೇಕಾದಷ್ಟೇ. ವಡೆ ಹಿಟ್ಟಿಗಿಂತ ನುಣ್ಣಗೆ, ದೋಸೆ ಹಿಟ್ಟಿಗಿಂತ ಗಟ್ಟಿ ಬರಬೇಕು.

ತೊಗರಿ ಕಡಲೆ ಹಿಟ್ಟಿಗಿಂತ ನಿಧಾನ ಬೇಯುತ್ತದೆ. ಅದಕ್ಕೇ ತೆಳ್ಳಗೆ ಹರಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಒಂದು ಕಡೆ ಎಂಟು ನಿಮಿಷ, ಇನ್ನೊಂದು ಕಡೆ ಐದು ನಿಮಿಷ ಕೊಡಿ. ನಡುವೆ ಮುರಿದು ತಿಂದು ನೋಡಿ. ಹಸಿ ರುಚಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು ಇಡಿ. ಅರ್ಧ ತೊಗರಿ, ಅರ್ಧ ಹೆಸರು ಬೇಳೆ ಹಾಕಿದರೆ ಬೇಗ ಬೇಯುತ್ತದೆ, ಮೆತ್ತಗೂ ಇರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ಕೂಡು ಬೇಸ್.

ಬೇಳೆ ತಿಂದ್ರ ಹೊಟ್ಟಿ ಉಬ್ಬತದ. ಏನ್ ಮಾಡ್ಲಿ?

ಹೆಸರು ಬೇಳೆಯಿಂದ ಶುರುಮಾಡಿ, ಅದು ಹಗುರ. ನೆನೆಹಾಕಿದ ನೀರನ್ನು ಬಳಸಬೇಡಿ. ಅಜವಾನ, ಶುಂಠಿ ಬಿಡಬೇಡಿ. ಮೊದಲ ಸಲ ಎರಡು ತುಂಡು ಸಾಕು, ರಾತ್ರಿ ಬದಲು ಮಧ್ಯಾಹ್ನ ತಿನ್ನಿ.

ತತ್ತಿ ತಿನ್ನಲ್ಲ. ಮತ್ತ ಹಿಟ್ಟು ಹ್ಯಾಂಗ ಹಿಡಕೊಂತದ?

ಕಡಲೆ, ತೊಗರಿ, ಹೆಸರು ತಾವೇ ಹಿಡಿದುಕೊಳ್ಳುತ್ತವೆ, ತತ್ತಿ ಬೇಕೇ ಇಲ್ಲ. ಹೂಕೋಸು, ಶೇಂಗಾ, ಬಾದಾಮಿ, ಕೊಬ್ಬರಿ ಹಿಟ್ಟಿಗೆ ಮಾತ್ರ ಹಿಡಿತ ಬೇಕು. ಅಲ್ಲಿ ಅಗಸಿ ಕೈಹಿಡಿಯುತ್ತದೆ. ಹುರಿಯದ ಅಗಸಿಯನ್ನು ಪುಡಿಮಾಡಿ, ಒಂದು ದೊಡ್ಡ ಚಮಚ ಪುಡಿಗೆ ಮೂರು ದೊಡ್ಡ ಚಮಚ ನೀರು ಹಾಕಿ ಹತ್ತು ನಿಮಿಷ ಬಿಡಿ. ಲೋಳೆಯಾಗುತ್ತದೆ. ಇದು ಒಂದು ತತ್ತಿಯ ಬದಲು. ಡಬ್ಬಿಯಲ್ಲಿರುವ ಅಗಸಿ ಹಿಂಡಿ ಇದಕ್ಕೆ ಬೇಡ, ಅದರಲ್ಲಿ ಖಾರ, ಉಪ್ಪು, ಬಳ್ಳೊಳ್ಳಿ ಇರುತ್ತದೆ. ಔಷಧಿ ಅಂಗಡಿಯ ಇಸಬ್ಗೋಲ್ ಕೂಡ ಚೆನ್ನಾಗಿ ಹಿಡಿಯುತ್ತದೆ. ಒಂದು ಕಪ್ ಹಿಟ್ಟಿಗೆ ಎರಡು ಟೀ ಚಮಚ ಸಾಕು.

ಹೂಕೋಸಿನ ಬೇಸ್ ಬಗ್ಗೆ ಕೇಳಿದ್ದೆ. ಅದು ತವಾದ ಮ್ಯಾಲ ಬರ್ತದಾ?

ಕಷ್ಟ. ತಿರುವುವಾಗ ಹರಿಯುತ್ತದೆ. ಓವನ್ ಇದ್ದರೆ ಮಾತ್ರ ಇದಕ್ಕೆ ಕೈಹಾಕಿ. ಅರ್ಧ ಕಿಲೋ ಹೂಕೋಸು ತುರಿದು, ಐದು ನಿಮಿಷ ಹಬೆಯಲ್ಲಿ ಬೇಯಿಸಿ, ಆರಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಇನ್ನು ನೀರು ಬರುವುದಿಲ್ಲ ಅನಿಸಿದ ಮೇಲೆ ಇನ್ನೊಮ್ಮೆ ಹಿಂಡಿ. ಕೆಲಸವೆಲ್ಲ ಇರುವುದು ಆ ಹಿಂಡುವುದರಲ್ಲೇ. ಒಂದು ತತ್ತಿ, 50 ಗ್ರಾಂ ತುರಿದ ಪನೀರ್, ಎರಡು ಮೂರು ದೊಡ್ಡ ಚಮಚ ಕಡಲೆ ಹಿಟ್ಟು, ಉಪ್ಪು ಸೇರಿಸಿ, ಬೇಕಿಂಗ್ ಪೇಪರ್ ಮೇಲೆ ತೆಳ್ಳಗೆ ತಟ್ಟಿ. 220 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 25 ನಿಮಿಷ. ಅಂಚು ಕಂದಾದ ಮೇಲೆ ಸಾಸ್ ಹಾಕಿ ಮತ್ತೆ ಐದಾರು ನಿಮಿಷ ಇಡಿ.

## ಕೆಟ್ಟು ಹೋದಾಗ

ತವಾಕ್ಕ ಅಂಟಕೊಂಡು ಕಿತ್ತು ಬರ್ತದ, ಯಾಕ?

ನೀವು ರೊಟ್ಟಿ ಹೆಂಚಿನ ಮೇಲೆ ಹಾಕುತ್ತಿದ್ದೀರಾ ನೋಡಿ. ರೊಟ್ಟಿ ಹೆಂಚಿಗೆ ಎಣ್ಣೆ ತಾಗಿಸುವುದಿಲ್ಲ, ಅದು ಒಣಗಿಯೇ ಇರುತ್ತದೆ. ಅದರ ಮೇಲೆ ಹಸಿ ಹಿಟ್ಟು ಸುರಿದರೆ ಅಂಟದೆ ಇರುವುದಿಲ್ಲ. ಅದಕ್ಕೆ ಎಣ್ಣೆ ಹಾಕಿದರೆ ಅತ್ತೆಯವರಿಗೆ ಬೇಜಾರು, ಅದೂ ಸರಿಯೇ. ದೋಸೆ ತವಾ ತೆಗೆದುಕೊಳ್ಳಿ. ಕಬ್ಬಿಣದ್ದಾದರೆ ಉಳ್ಳಾಗಡ್ಡಿ ಅರ್ಧ ಹೆಚ್ಚಿ ಎಣ್ಣೆಯಲ್ಲಿ ಅದ್ದಿ ಉಜ್ಜಿ.

ಇನ್ನೊಂದು ಕಾರಣ ಅವಸರ. ಅಂಚು ತಾನೇ ಬಿಡುವವರೆಗೆ ಸೌಟು ಹಾಕಬೇಡಿ.

ಮ್ಯಾಲ ಕೆಂಪಾಗ್ತದ, ಒಳಗ ಹಸಿ ವಾಸನಿ ಬರ್ತದ.

ಉರಿ ಜಾಸ್ತಿ, ಬೇಸ್ ದಪ್ಪ, ಅಥವಾ ಹಿಟ್ಟು ನೆನೆದಿಲ್ಲ. ಈ ಮೂರರಲ್ಲಿ ಒಂದು. ಕಡಲೆ ಹಿಟ್ಟಿನ ಕಣಕ್ಕೆ ನೀರು ಒಳಗಿಳಿಯಲು ಹೊತ್ತು ಬೇಕು. ಚೆನ್ನಾಗಿ ನೆನೆದರೆ ಒಳಗಿನ ಪಿಷ್ಟ ಬೇಗ ಬೇಯುತ್ತದೆ, ಹಸಿ ವಾಸನೆ ಹೋಗುತ್ತದೆ. ಅರ್ಧ ಗಂಟೆ ಕನಿಷ್ಠ, ಎರಡು ಗಂಟೆಯಾದರೆ ಇನ್ನೂ ಒಳ್ಳೆಯದು. ಹೊತ್ತೇ ಇಲ್ಲದಿದ್ದರೆ ಹಿಟ್ಟನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಘಮ ಬರುವವರೆಗೆ ಹುರಿದು, ಆರಿಸಿ ಕಲಸಿ.

ಬೇಸಿಗೆಯಲ್ಲಿ ಮಾತ್ರ ಎಚ್ಚರ. ನಮ್ಮಲ್ಲಿ ಏಪ್ರಿಲ್, ಮೇ ಅಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಕಲಸಿದ ಹಿಟ್ಟು ಹೊರಗಿಟ್ಟರೆ ಬೇಗ ಹುಳಿ ಬರುತ್ತದೆ. ಫ್ರಿಜ್‌ನಲ್ಲಿ ಇಡಿ.

ಶೇಂಗಾ ಹಿಟ್ಟು ಮಾಡಕ್ಕ ಹೋದ್ರ ಎಣ್ಣಿ ಬಿಟ್ಟು ಮುದ್ದಿ ಆಯ್ತು.

ಶೇಂಗಾ ಬಿಸಿ ಇರುವಾಗ ಬೀಸಿದರೆ ಹಾಗೇ ಆಗುತ್ತದೆ. ಹುರಿದು, ಸಿಪ್ಪೆ ತೆಗೆದು, ಪೂರ್ತಿ ಆರಿಸಿ. ಮಿಕ್ಸರ್ ಅನ್ನು ಒಂದೇ ಸಮ ತಿರುಗಿಸದೆ ಬಿಟ್ಟು ಬಿಟ್ಟು ಒತ್ತಿ. ಶೇಂಗಾ ಒಂದನ್ನೇ ಬೇಸ್‌ಗೆ ಬಳಸಬೇಡಿ, ಒಡೆಯುತ್ತದೆ, ಜಿಡ್ಡೂ ಜಾಸ್ತಿ. ಮೂರು ಪಾಲು ಕಡಲೆ ಹಿಟ್ಟಿಗೆ ಒಂದು ಪಾಲು ಶೇಂಗಾ ಪುಡಿ ಸರಿಯಾದ ಅಳತೆ. ಬೂಷ್ಟು ಹಿಡಿದ, ಕಹಿಯಾದ ಕಾಳನ್ನು ಆರಿಸಿ ಎಸೆಯಿರಿ. ಶೇಂಗಾದ ಬೂಷ್ಟಿನಲ್ಲಿ ಲಿವರ್‌ಗೆ ಕೆಟ್ಟದ್ದಾದ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

## ಆರೋಗ್ಯ, ಉಪವಾಸ

ಮಗನಿಗೆ ಸೀಲಿಯಾಕ್ ಇರಬಹುದು ಅಂದಾರ. ಇವತ್ತಿನಿಂದಲೇ ಗೋಧಿ ಬಿಡಿಸಿ ಇದನ್ನ ಕೊಡ್ಲಾ?

ದಯವಿಟ್ಟು ಮೊದಲು ಪರೀಕ್ಷೆ ಮಾಡಿಸಿ. ಸೀಲಿಯಾಕ್ ಅಂದರೆ ಗ್ಲುಟೆನ್ ತಿಂದಾಗ ಸಣ್ಣ ಕರುಳು ಕೆಡುವ ಕಾಯಿಲೆ. ಅದರ ರಕ್ತ ಪರೀಕ್ಷೆಯಲ್ಲಿ ಗ್ಲುಟೆನ್ ವಿರುದ್ಧ ದೇಹ ಮಾಡಿಕೊಂಡ ಆಂಟಿಬಾಡಿಗಳನ್ನು ನೋಡುತ್ತಾರೆ. ಗೋಧಿ ಬಿಟ್ಟರೆ ಅವು ಕಡಿಮೆಯಾಗುತ್ತವೆ, ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಇಲ್ಲ ಅಂತ ಬರಬಹುದು. ಆಮೇಲೆ ಪರೀಕ್ಷೆಗಾಗಿಯೇ ಮಗುವಿಗೆ ಮತ್ತೆ ಗೋಧಿ ತಿನ್ನಿಸಬೇಕಾಗುತ್ತದೆ. ಡಾಕ್ಟರ್ ಬಿಡಿ ಅಂದ ಮೇಲೆ ಬಿಡಿ.

ಸೀಲಿಯಾಕ್ ಅಂತ ಖಚಿತವಾದರೆ ಗೋಧಿ, ಬಾರ್ಲಿ, ರೈ (ಗೋಧಿಯಂಥ ಧಾನ್ಯ, ಸಾಸಿವೆ ಅಲ್ಲ) ಜೀವನಪೂರ್ತಿ ಬೇಡ, ಚಿಟಿಕೆಯೂ ಬೇಡ. ಆಗ ಚಪಾತಿ ಲಟ್ಟಣಿಗೆ, ಮಣೆ, ಹಿಟ್ಟಿನ ಜರಡಿ ಬೇರೆ ಇಡಿ. ಇಂಗಿನ ಡಬ್ಬಿಯ ಹಿಂದೆ ಓದಿ. ಅಂಗಡಿಯಲ್ಲಿ ಸಿಗುವ ಬೆರಕೆ (ಕಾಂಪೌಂಡೆಡ್) ಇಂಗಿನಲ್ಲಿ ಮೈದಾ ಬೆರೆಸಿರುವುದು ಸಾಮಾನ್ಯ. ಇದು ಬಹಳ ಜನರಿಗೆ ಗೊತ್ತೇ ಇರುವುದಿಲ್ಲ, ಎಲ್ಲ ಬಿಟ್ಟರೂ ಮಗುವಿನ ಹೊಟ್ಟೆನೋವು ಹೋಗಲಿಲ್ಲ ಅಂತ ಅಲೆಯುತ್ತಾರೆ.

ಸಕ್ಕರಿ ಕಾಯಿಲಿ ಇದ್ದವರು ಎಷ್ಟ್ ಬೇಕಾದ್ರೂ ತಿನ್ಬಹುದಾ?

ಇಲ್ಲ. 100 ಗ್ರಾಂ ಕಡಲೆ ಹಿಟ್ಟಿನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ನಾರೂ ಇದೆ. ಮೈದಾಗಿಂತ ಸಕ್ಕರೆಯನ್ನು ನಿಧಾನ ಏರಿಸುತ್ತದೆ. ಆದರೆ ಅದರಲ್ಲಿ ಪಿಷ್ಟವೂ ಸಾಕಷ್ಟಿದೆ. 9 ಇಂಚಿನ ಬೇಸ್‌ನಲ್ಲಿ ಅರ್ಧ ತಿಂದು, ಜೊತೆಗೆ ಸೌತೆಕಾಯಿ, ಸೊಪ್ಪು ಇಟ್ಟುಕೊಳ್ಳುವುದು ಒಳ್ಳೆಯದು. ಗುಳಿಗೆ, ಇನ್ಸುಲಿನ್ ಇರುವವರು ಧಾನ್ಯವನ್ನು ಪೂರ್ತಿ ಬಿಡುವ ಮೊದಲು ಡಾಕ್ಟರ್ ಹತ್ತಿರ ಮಾತಾಡಿ, ಸಕ್ಕರೆ ತೀರ ಇಳಿಯಬಹುದು. ಕಿಡ್ನಿ ತೊಂದರೆ ಇರುವವರೂ ಬೇಳೆ ಎಷ್ಟು ಅಂತ ಕೇಳಿಯೇ ತಿನ್ನಬೇಕು.

ಏಕಾದಶಿಗಿ ನಡಿತದಾ?

ಕಡಲೆ, ತೊಗರಿ ಬೇಸ್ ನಡೆಯುವುದಿಲ್ಲ, ಏಕಾದಶಿಗೆ ಬೇಳೆಯೂ ಬೇಡ. ಆಷಾಢ ಏಕಾದಶಿಗೆ ಪಂಢರಪುರದ ಕಡೆ ಮನಸ್ಸಿಟ್ಟ ಮನೆಗಳಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಅವರಿಗೆ ರಾಜಗಿರಿ ಇದೆ. ಒಂದು ಕಪ್ ರಾಜಗಿರಿ ಹಿಟ್ಟು, ಬೇಯಿಸಿ ನುಣ್ಣಗೆ ಮಾಡಿದ ಒಂದು ಬಟಾಟೆ, ಎರಡು ಚಮಚ ಶೇಂಗಾ ಪುಡಿ, ಸೈಂಧವ ಉಪ್ಪು, ಜೀರಿಗೆ. ಬಟಾಟೆಯ ತೇವದಲ್ಲೇ ಕಲಸಿ, ಬೇಕಾದರೆ ಮಾತ್ರ ನೀರು. ಎಣ್ಣೆ ಸವರಿದ ಹಾಳೆಯ ಮೇಲೆ ಥಾಲಿಪಟ್ಟಿನಂತೆ ತಟ್ಟಿ, ತವಾಕ್ಕೆ ಹಾಕಿ. ಮೇಲೆ ಪನೀರ್, ಹಸಿಮೆಣಸಿನಕಾಯಿ, ಕೊತ್ತಂಬರಿ. ಬಳ್ಳೊಳ್ಳಿ, ಉಳ್ಳಾಗಡ್ಡಿ ಬೇಡ. ಟೊಮೆಟೊ ನಿಮ್ಮ ಮನೆಯ ಪದ್ಧತಿಯಂತೆ.

ರಾಜಗಿರಿ ಹುಲ್ಲಿನ ಜಾತಿಯದಲ್ಲ, ದಂಟಿನ ಸೊಪ್ಪಿನ ಕುಲದ ಬೀಜ. ಹಾಗಿದ್ದರೂ ಕಟ್ಟುನಿಟ್ಟಾಗಿ ಧಾನ್ಯ ಬಿಟ್ಟ ಕೆಲವರು ಇದನ್ನೂ ಬಿಡುತ್ತಾರೆ.

## ಕೈ ಪಳಗಿದ ಮೇಲೆ

ಬೇಕಿಂಗ್ ಪೌಡರ್, ಯೀಸ್ಟ್ ಹಾಕಿ ಉಬ್ಬಿಸಬಹುದಾ?

ಬೇಕಿಂಗ್ ಪೌಡರ್‌ನಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ, ಡಬ್ಬಿ ಓದಿ. ಅದರ ಬದಲು ಒಂದು ಕಪ್ ಹಿಟ್ಟಿಗೆ ಎರಡು ದೊಡ್ಡ ಚಮಚ ಹುಳಿ ಮೊಸರು ಹಾಕಿ, ಅಷ್ಟು ನೀರು ಕಡಿಮೆ ಮಾಡಿ. ತವಾಕ್ಕೆ ಹಾಕುವ ಮುಂಚೆ ಕಾಲು ಟೀ ಚಮಚ ಅಡುಗೆ ಸೋಡಾ ಕಲಸಿ. ಸೋಡಾ ಹಾಕಿ ಕಾಯುತ್ತ ಕೂತರೆ ಗಾಳಿಯೆಲ್ಲ ಹೋಗಿಬಿಡುತ್ತದೆ.

ಯೀಸ್ಟ್ ವಾಸನೆ ಕೊಡುತ್ತದೆ, ಉಬ್ಬು ಅಷ್ಟಾಗಿ ಕೊಡುವುದಿಲ್ಲ. ಇಸಬ್ಗೋಲ್ ಸೇರಿಸಿದರೆ ಸ್ವಲ್ಪ ಗಾಳಿ ನಿಲ್ಲುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ತೆಳು, ಗರಿ ಬೇಸೇ ಕಡಲೆಗೆ ಒಪ್ಪುತ್ತದೆ.

ಓಟಿಜಿ ತಗೊಂಡೀವಿ. ಕಡಲೆ ಹಿಟ್ಟಿನ ಬೇಸ್ ಅದರಾಗ ಹ್ಯಾಂಗ?

ಓಟಿಜಿ ಅಂದರೆ ಕರೆಂಟಿನ ಪುಟ್ಟ ಓವನ್. ಅದನ್ನು 220 ಡಿಗ್ರಿಗೆ ಪೂರ್ತಿ ಕಾಯಿಸಿ. ಬೇಸ್ ಹಾಕುವ ತಟ್ಟೆಗೂ ಎಣ್ಣೆ ಸವರಿ ಐದು ನಿಮಿಷ ಒಳಗಿಟ್ಟು ಬಿಸಿ ಮಾಡಿ. ಬಿಸಿ ತಟ್ಟೆಗೆ ಹಿಟ್ಟು ಸುರಿದರೆ ತಳ ತಕ್ಷಣ ಹಿಡಿಯುತ್ತದೆ, ಅಂಟುವುದಿಲ್ಲ. 12ರಿಂದ 15 ನಿಮಿಷ. ನಂತರ ಸಾಸ್, ಚೀಸ್ ಹಾಕಿ ಮೇಲಿನ ಕಾಯಿಲ್ ಮಾತ್ರ ಹಚ್ಚಿ ನಾಲ್ಕೈದು ನಿಮಿಷ.

ಮ್ಯಾಲ ಏನ್ ಹಾಕಿದ್ರ ಛಲೋ? ಸಾಸ್ ಬಾಟ್ಲಿದು ನಡಿತದಾ?

ಬಾಟಲಿ ಸಾಸ್‌ನಲ್ಲಿ ಸಕ್ಕರೆ ಇರುತ್ತದೆ, ಕೆಲವದರಲ್ಲಿ ಗಟ್ಟಿ ಬರಲು ಪಿಷ್ಟವೂ ಇರುತ್ತದೆ. ತುರಿದು ಮಾರುವ ಚೀಸ್‌ಗೂ ಅಂಟದಿರಲು ಪಿಷ್ಟ ಬಳಿದಿರುತ್ತಾರೆ. ಚೀಸ್ ಗಟ್ಟಿ ತಂದು ಮನೆಯಲ್ಲಿ ತುರಿಯಿರಿ. ಸಾಸ್‌ಗೆ ನಾಲ್ಕು ಟೊಮೆಟೊ, ಆರೇಳು ಎಸಳು ಬಳ್ಳೊಳ್ಳಿ, ಒಣ ಮೆಣಸಿನಕಾಯಿ, ಎಣ್ಣೆ, ಉಪ್ಪು ಸಾಕು. ಬಾಣಲೆಯಲ್ಲಿ ಸೌಟು ಎಳೆದರೆ ದಾರಿ ಬೀಳುವಷ್ಟು ಗಟ್ಟಿಯಾಗಲಿ. ನೀರಾದ ಸಾಸ್ ಈ ಬೇಸ್‌ಗೆ ಶತ್ರು.

ಮೇಲೆ ಹಾಕಲು ಹಸಿ ತರಕಾರಿಗಿಂತ ಹುರಿದದ್ದು ಒಳ್ಳೆಯದು. ಸಣ್ಣಗೆ ಹೆಚ್ಚಿ ಹುರಿದ ಬದನೆಕಾಯಿ, ಉಳ್ಳಾಗಡ್ಡಿ, ಮೆಂತ್ಯ ಪಲ್ಯ ಕಡಲೆ ಹಿಟ್ಟಿನ ಜೊತೆ ಬಹಳ ಚೆನ್ನಾಗಿ ಕೂಡುತ್ತವೆ. ಶೇಂಗಾ ಹಿಂಡಿಯನ್ನು ಕೊನೆಗೆ ಉದುರಿಸಿ. ಚೀಸ್ ಮತ್ತು ಹಿಂಡಿ ಎರಡರಲ್ಲೂ ಉಪ್ಪಿದೆ, ಹಾಗಾಗಿ ಸಾಸ್‌ನಲ್ಲಿ ಉಪ್ಪು ತಗ್ಗಿಸಿ. ಚಳಿಗಾಲದಲ್ಲಿ ಹಕ್ಕರಕಿ ಸಿಕ್ಕರೆ ಹಸಿಯಾಗಿಯೇ ಹರಿದು, ಪಿಜ್ಜಾ ಇಳಿಸಿದ ಮೇಲೆ ಹಾಕಿ. ಇಟಲಿಯವರು ಕಹಿ ಖಾರದ ಹಸಿ ಸೊಪ್ಪನ್ನು ಹೀಗೆಯೇ ಮೇಲೆ ಹಾಕುತ್ತಾರೆ. ನಾವು ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಸೊಪ್ಪು ಇಲ್ಲಿ ಇನ್ನೂ ರುಚಿ.

ಹತ್ತು ಮಂದಿ ಬರ್ತಾರ. ಎಲ್ಲಾರಿಗೂ ಬಿಸಿ ಬಿಸಿ ಹ್ಯಾಂಗ ಕೊಡ್ಲಿ?

ದೊಡ್ಡ ಬೇಸ್ ಬೇಡ, ಆರು ಇಂಚಿನ ಚಿಕ್ಕವು ಮಾಡಿ. ಒಂದು ಕಪ್ ಹಿಟ್ಟಿಗೆ ಎರಡು ಬರುತ್ತವೆ, ಹತ್ತು ಮಂದಿಗೆ ಅರ್ಧ ಕಿಲೋ ಕಡಲೆ ಹಿಟ್ಟು ಸಾಕು. ಬೆಳಿಗ್ಗೆಯೇ ಎರಡೂ ಕಡೆ ಬೇಯಿಸಿ, ಜಾಲರಿ ಮೇಲೆ ಆರಿಸಿ. ಬಿಸಿ ಇರುವಾಗ ಒಂದರ ಮೇಲೊಂದು ಇಟ್ಟರೆ ಬೆವರಿ ಮೆತ್ತಗಾಗುತ್ತವೆ. ಆರಿದ ಮೇಲೆ ನಡುವೆ ಪೇಪರ್ ಇಟ್ಟು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಎರಡು ದಿನ ಚೆನ್ನಾಗಿರುತ್ತವೆ. ಸಾಸ್ ಮಾಡಿ, ತರಕಾರಿ ಹುರಿದು, ಚೀಸ್ ತುರಿದಿಡಿ. ಮಂದಿ ಬಂದ ಮೇಲೆ ಎರಡು ತವಾ ಹಚ್ಚಿ, ಬೇಸನ್ನು ಒಂದು ನಿಮಿಷ ಬಿಸಿ ಮಾಡಿ, ಮೇಲಿನದ್ದು ಹಾಕಿ ಮುಚ್ಚಿದರೆ ನಾಲ್ಕು ನಿಮಿಷಕ್ಕೆ ಎರಡು ತಯಾರು. ಮಕ್ಕಳಿಗೆ ಮೊದಲು ಕೊಡಿ, ಅವರದ್ದಕ್ಕೆ ಹಿಂಡಿ ಹಾಕಬೇಡಿ.